ಎಣ್ಣೆ ಯಾರ ಬಾಂಡ್ಲೀಲಿತ್ತು? ಗರಿಗರಿ ಕೋಳಿಯ ಒಂದು ಚರಿತ್ರೆ

ಗೆಳೆಯರೇ, ಇದು ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಕೇರಿಗಳಲ್ಲಿ ಈಗ ಹುಡುಗ ಹುಡುಗೀರು ಮನೇಲೇ ಗರಿಗರಿ ಕೋಳಿ ಕರೀತಾ ಇದಾರೆ. ಮೊಬೈಲಲ್ಲಿ ನೋಡ್ತಾರೆ, ಭಾನುವಾರ ಒಂದು ಕೆ.ಜಿ. ಫಾರಂ ಕೋಳಿ ತರ್ತಾರೆ, ಮೈದಾ, ಅಕ್ಕಿಹಿಟ್ಟು, ಕಾರ್ನ್‌ಫ್ಲೋರ್ ಅಂತ ಒಂದೊಂದು ವಾರ ಒಂದೊಂದು ಲೆಕ್ಕ ಹಾಕ್ತಾರೆ. ನಮ್ಮ ಚಳವಳಿಯ ಹಿರಿಯರಲ್ಲಿ ಕೆಲವರಿಗೆ ಇದು ಹಿಡಿಸಲ್ಲ. "ಇದು ಅಮೆರಿಕದ ಕಂಪನಿ ತಿಂಡಿ ಕಣ್ರಪ್ಪ, ನಾಟಿಕೋಳಿ ಸಾರು, ರಾಗಿಮುದ್ದೆ ಬಿಟ್ಟು ಇದ್ಯಾಕೆ" ಅಂತಾರೆ.

ಅವರ ಮೇಲಿನ ಗೌರವ ಇಟ್ಟುಕೊಂಡೇ ಹೇಳ್ತೀನಿ. ಇದು ಕಂಪನಿಯ ತಿಂಡಿ ಅಲ್ಲ. ಕಂಪನಿ ಇದಕ್ಕೆ ತನ್ನ ಹೆಸರು ಅಂಟಿಸ್ಕೊಂಡಿದೆ, ಅಷ್ಟೇ. ಆ ಗರಿಗರಿ ಪದರದೊಳಗೆ ಒಂದು ದೊಡ್ಡ ಚರಿತ್ರೆ ಇದೆ. ಎಣ್ಣೆ, ತುಪ್ಪ, ನೆಣ ಯಾರ ಪಾಲಿಗೆ ಬಂತು, ಯಾರ ಪಾಲಿಗೆ ಬರಲಿಲ್ಲ ಅನ್ನೋ ಚರಿತ್ರೆ. ಬೇಯಿಸಿದವರ ಕೈ ಯಾವುದು, ಬೋರ್ಡಿನ ಮೇಲಿನ ಮುಖ ಯಾವುದು ಅನ್ನೋ ಚರಿತ್ರೆ.

ಮೊದಲು ನಮ್ಮ ಒಲೆಯಿಂದಲೇ ಶುರು ಮಾಡೋಣ.

ಕೋಳಿ ಕರಿಯೋಕೆ ಬಾಂಡ್ಲಿ ತುಂಬ ಎಣ್ಣೆ ಬೇಕು. ಸಾರಿಗೆ ಹಾಗಲ್ಲ. ನೀರು ಇದ್ರೆ ಸಾಕು, ಒಂದು ಕೋಳೀನ ಹದಿನೈದು ಜನಕ್ಕೆ ಹಂಚಬಹುದು. ಬಡವರ ಮನೆ ಬಾಡು ಯಾವಾಗಲೂ ಸಾರಾಗಿದ್ದು ರುಚಿಯ ಕಾರಣಕ್ಕೆ ಮಾತ್ರ ಅಲ್ಲ, ಲೆಕ್ಕದ ಕಾರಣಕ್ಕೂ ಹೌದು. ಕೆಂಡದಲ್ಲಿ ಸುಡೋದು, ಬಿಸಿಲಲ್ಲಿ ಒಣಗಿಸಿ ಇಡೋದು, ಸಾರು ಮಾಡೋದು: ನಮ್ಮ ಹಳೆಯ ಬಾಡಿನಡುಗೆಯೆಲ್ಲ ಹೆಚ್ಚುಕಮ್ಮಿ ಈ ಮೂರರಲ್ಲೇ ಮುಗೀತದೆ. ನಮ್ಮವ್ವ ಹುಚ್ಚೆಳ್ಳೆಣ್ಣೆಯನ್ನ ಒಗ್ಗರಣೆಗೆ ಹನಿ ಲೆಕ್ಕದಲ್ಲಿ ಹಾಕ್ತಿದ್ದಳು. ಬಾಂಡ್ಲಿ ಇಟ್ಟು ಕರಿಯೋದು ಅಂದ್ರೆ ವರ್ಷಕ್ಕೆ ಒಂದೆರಡು ಹಬ್ಬದ ಮಾತು.

ಮರಾಠಿಯಲ್ಲಿ ಶಾಹು ಪಾಟೋಳೆ 'ಅನ್ನ ಹೇ ಅಪೂರ್ಣ ಬ್ರಹ್ಮ' ಅನ್ನೋ ಪುಸ್ತಕ ಬರೆದಿದ್ದಾರೆ, 2015ರಲ್ಲಿ ಬಂತು. ಮರಾಠವಾಡದ ಮಹಾರ್, ಮಾಂಗ್ ಕೇರಿಗಳ ಅಡುಗೆ ಪುಸ್ತಕ. 2024ರಲ್ಲಿ ಇಂಗ್ಲಿಷಿಗೂ ಬಂತು. ಎಣ್ಣೆ, ತುಪ್ಪ, ಹಾಲು ಇಲ್ಲದ ಅಡುಗೆಮನೆ ಅದು. ಅಡುಗೆ ಪುಸ್ತಕದಲ್ಲಿ ಏನಿದೆ ಅನ್ನೋದಷ್ಟೇ ಅಲ್ಲ, ಏನಿಲ್ಲ ಅನ್ನೋದನ್ನೂ ಓದಬೇಕು ಅಂತ ನನಗೆ ಅನ್ನಿಸಿದ್ದು ಅದರಿಂದ.

ಈಗ ನಮ್ಮ ಸೀಮೆ ನೋಡಿ. ಇದು ತೆಂಗಿನ ಸೀಮೆ. ಕಾಯಿ ಇಳಿಸಿ ಅಟ್ಟದಲ್ಲಿ ಎಂಟರಿಂದ ಹನ್ನೆರಡು ತಿಂಗಳು ಬಿಡ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಡಗಡ ಅನ್ನುತ್ತೆ. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ತೆಗೀತಾರೆ. ತಿಪಟೂರು ಮಾರುಕಟ್ಟೆಯಿಂದ ಅದು ಉತ್ತರ ಭಾರತಕ್ಕೆ ತಿನ್ನೋಕೆ ಅಂತ ಹೋಗುತ್ತೆ. ಸರ್ಕಾರ ಕೂಡ ಎರಡು ಬೆಲೆ ಕಟ್ಟುತ್ತೆ. 2024ರಲ್ಲಿ ಗಾಣದ ಕೊಬ್ಬರಿಗೆ ಕ್ವಿಂಟಲ್‌ಗೆ 11,160 ರೂಪಾಯಿ, ಉಂಡೆ ಕೊಬ್ಬರಿಗೆ 12,000 ರೂಪಾಯಿ ಬೆಂಬಲ ಬೆಲೆ ಇತ್ತು. ಈ ಕಾಯಿ ಹೊತ್ತವರು, ಸುಲಿದವರು, ಚಿಪ್ಪು ಒಡೆದವರಲ್ಲಿ ನಮ್ಮ ಕೇರಿಯವರು ಎಷ್ಟು ಜನ! ಆದರೆ ತೋಟ ಬೇರೆಯವರದ್ದು. ಕೊಬ್ಬು ತುಂಬಿದ ತಿರುಳು ಲಾರಿ ಹತ್ತಿ ಹೋಯ್ತು, ನಮ್ಮ ಪಾಲಿಗೆ ಒಲೆಗೆ ಹಾಕೋ ಚಿಪ್ಪು ಉಳೀತು. ತೆಂಕಣ ಭಾರತದ ಎಷ್ಟೋ ಊರುಗಳಲ್ಲಿ ನಮ್ಮವರಿಗೆ ಟೀ ಕೊಡ್ತಿದ್ದದ್ದೂ ಆ ಚಿಪ್ಪಲ್ಲೇ.

ಎಣ್ಣೆ ಇಲ್ಲದಿದ್ದದ್ದು ಬರೀ ಬಡತನದಿಂದ ಅಂದ್ಕೋಬೇಡಿ. ಬಾಬಾಸಾಹೇಬರ 'ಜಾತಿ ವಿನಾಶ' ಓದಿದವರಿಗೆ ಚಕ್ವಾರಾ ನೆನಪಿರಬೇಕು. ಜೈಪುರ ಸಂಸ್ಥಾನದ ಹಳ್ಳಿ ಅದು. ತೀರ್ಥಯಾತ್ರೆ ಮುಗಿಸಿ ಬಂದ ಒಬ್ಬ ಅಸ್ಪೃಶ್ಯ ತನ್ನ ಜನಕ್ಕೆ ಊಟ ಹಾಕ್ತಾನೆ, ಊಟಕ್ಕೆ ತುಪ್ಪ ಬಡಿಸ್ತಾನೆ. ಜನ ಉಣ್ಣುತ್ತಾ ಇರುವಾಗಲೇ ನೂರಾರು ಸವರ್ಣೀಯರು ದೊಣ್ಣೆ ಹಿಡ್ಕೊಂಡು ನುಗ್ತಾರೆ. ಅನ್ನ ಹಾಳು ಮಾಡ್ತಾರೆ, ಉಣ್ಣೋರನ್ನ ಹೊಡೀತಾರೆ. ಇದು 1936ರ ಘಟನೆ. ಆ ಜನ ಕದ್ದಿರಲಿಲ್ಲ, ಯಾರ ಬಾವಿ ಮುಟ್ಟಿರಲಿಲ್ಲ. ತಮ್ಮ ದುಡ್ಡಲ್ಲಿ, ತಮ್ಮ ಜನಕ್ಕೆ, ತಮ್ಮ ಜಾಗದಲ್ಲಿ ತುಪ್ಪ ಬಡಿಸಿದ್ದರು. ತುಪ್ಪ ತಿನ್ನೋದು ಮೇಲಿನವರ ಅಂತಸ್ತಿನ ಗುರುತು, ಅದನ್ನ ನೀವು ತಿಂದ್ರೆ ನಮಗೂ ನಿಮಗೂ ಏನು ವ್ಯತ್ಯಾಸ ಅನ್ನೋದು ಅವರ ಸಿಟ್ಟು. ಜಿಡ್ಡಿಗೂ ಜಾತಿ ಇತ್ತು ಗೆಳೆಯರೇ.

ಬಾಬಾಸಾಹೇಬರೇ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡು ಬೊಯಿಸ್ ಅವರಿಗೆ ಪತ್ರ ಬರೆದಿದ್ದರು. ನಿಮ್ಮ ಜನರ ಸ್ಥಿತಿಗೂ ನಮ್ಮ ಜನರ ಸ್ಥಿತಿಗೂ ತುಂಬ ಹೋಲಿಕೆ ಇದೆ ಅನ್ನೋದು ಅದರ ಸಾರ. ಆ ಹೋಲಿಕೆಯನ್ನ ನಾವು ಕಾನೂನಿನಲ್ಲಿ, ಕಾವ್ಯದಲ್ಲಿ ನೋಡಿದ್ದೀವಿ. 1972ರಲ್ಲಿ ಬೊಂಬಾಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟಿದಾಗ ಹೆಸರಲ್ಲೂ ನೋಡಿದ್ದೀವಿ. ಇವತ್ತು ಅಡುಗೆಮನೆಯಲ್ಲಿ ನೋಡೋಣ.

ಹಿಟ್ಟು ಹಚ್ಚಿ ಕೋಳಿ ಕರಿಯೋದು ಯಾರೊಬ್ಬರ ಸ್ವತ್ತೂ ಅಲ್ಲ. 1747ರಲ್ಲಿ ಇಂಗ್ಲೆಂಡಿನ ಹ್ಯಾನಾ ಗ್ಲಾಸ್ ಬರೆದ ಅಡುಗೆ ಪುಸ್ತಕದಲ್ಲೂ ಹತ್ತಿರದ ಒಂದು ವಿಧಾನ ಇದೆ. 1824ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಮೇರಿ ರಾಂಡಾಲ್ಫ್ ಅನ್ನೋ ಬಿಳಿ ಯಜಮಾನಿ ಬರೆದ ಪುಸ್ತಕದಲ್ಲಿ ಈಗ ನಾವು ಗುರುತಿಸೋ ವಿಧಾನವೇ ಇದೆ: ಕೋಳಿ ತುಂಡು ಮಾಡು, ಹಿಟ್ಟಲ್ಲಿ ಹೊರಳಿಸು, ಉಪ್ಪು ಹಾಕು, ಹಂದಿ ನೆಣದಲ್ಲಿ ಕರಿ. ಬರೆದವಳು ಯಜಮಾನಿ. ಆದರೆ ಅಂಥ ಮನೆಗಳ ಒಲೆ ಮುಂದೆ ನಿಂತಿದ್ದವರು ಗುಲಾಮಗಿರಿಯಲ್ಲಿದ್ದ ಕಪ್ಪು ಹೆಂಗಸರು.

ಅವರ ಪಾಲಿಗೆ ಕೋಳಿ ಹೇಗೆ ಬಂತು ಅನ್ನೋದೂ ಒಂದು ಕತೆ. 1692ರಲ್ಲಿ ವರ್ಜೀನಿಯಾದ ಕಾನೂನು ಗುಲಾಮರು ಸಾಕಿದ ಕುದುರೆ, ದನ, ಹಂದಿಗಳನ್ನ ಕಿತ್ಕೊಳ್ಳೋಕೆ ಹೇಳ್ತು. ಕೋಳಿ ಆ ಪಟ್ಟಿಯಲ್ಲಿರಲಿಲ್ಲ. ಇದು ಏನು ಮಹಾ ಅಂತ ಬಿಟ್ಟಿದ್ದ ಪ್ರಾಣಿ ಅವರ ಕೈಲಿ ಉಳೀತು. ಅದನ್ನೇ ಸಾಕಿದರು, ಅದನ್ನೇ ಮಾರಿದರು. ನಮ್ಮ ಕಡೆ ಭೂಮಿ ಇಲ್ಲದ ಮನೆಗಳಲ್ಲೂ ಹಿತ್ತಲಲ್ಲಿ ನಾಲ್ಕು ಕೋಳಿ ಇರ್ತಾವಲ್ಲ, ಆ ಲೆಕ್ಕವೇ.

ಗುಲಾಮಗಿರಿ ಹೋದ ಮೇಲೆ ವರ್ಜೀನಿಯಾದ ಗಾರ್ಡನ್ಸ್‌ವಿಲ್ ಅನ್ನೋ ರೈಲು ಜಂಕ್ಷನ್‌ನಲ್ಲಿ ಕಪ್ಪು ಹೆಂಗಸರು ಕರಿದ ಕೋಳಿಯ ತಟ್ಟೆ ತಲೆ ಮೇಲೆ ಹೊತ್ತು ರೈಲಿನ ಕಿಟಕಿಗೆ ಎತ್ತಿ ಮಾರ್ತಿದ್ದರು. ಆಗ ರೈಲಲ್ಲಿ ಊಟದ ಡಬ್ಬಿ ಇರಲಿಲ್ಲ. ಆ ದುಡ್ಡಲ್ಲಿ ಮನೆ ಕಟ್ಟಿದರು. ಅವರ ಚರಿತ್ರೆ ಬರೆದ ಸೈಕಿ ವಿಲಿಯಮ್ಸ್-ಫಾರ್ಸನ್ 2006ರ ತಮ್ಮ ಪುಸ್ತಕಕ್ಕೆ 'ಕೋಳಿ ಕಾಲಿಂದ ಮನೆ ಕಟ್ಟೋದು' ಅನ್ನೋ ಅರ್ಥದ ಹೆಸರೇ ಇಟ್ಟರು.

ನಮ್ಮ ತಿಪಟೂರಲ್ಲೂ ರೈಲು ನಿಲ್ಲುತ್ತೆ. ಆ ಕಾಲಕ್ಕೆ ನಮ್ಮ ಹೆಂಗಸರು ಅಡುಗೆ ಮಾಡಿ, ತಲೆ ಮೇಲೆ ಹೊತ್ತು, ನಾವು ಇಂಥ ಕೇರಿಯವರು ಅಂತ ಹೇಳಿ ಪ್ಲಾಟ್‌ಫಾರಂನಲ್ಲಿ ಮಾರೋಕೆ ಆಗ್ತಿತ್ತಾ? ಕಪ್ಪು ಹೆಂಗಸಿನ ಕೈಯಡುಗೆಯನ್ನ ಬಿಳಿಯ ತಿಂದ, ಅವಳ ಪಕ್ಕ ಕೂತು ಮಾತ್ರ ತಿನ್ನಲಿಲ್ಲ. ಇಲ್ಲಿ ನಮ್ಮ ಕೈಯಡುಗೆಯನ್ನೇ ಮುಟ್ಟಲಿಲ್ಲ. ಎರಡೂ ಕ್ರೌರ್ಯವೇ, ಆದರೆ ಜಾತಿಯ ಬೀಗ ಬಿದ್ದಿದ್ದು ಒಲೆಗೇ.

ಆಮೇಲೆ ಅಲ್ಲಿ ಆಗಿದ್ದು ನಮಗೆ ಚೆನ್ನಾಗಿ ಅರ್ಥ ಆಗೋ ಸಂಗತಿ. ಆ ಜನರ ಊಟವನ್ನೇ ಅವರ ಮೇಲೆ ಬೈಗುಳ ಮಾಡಿದರು. 1915ರ 'ದಿ ಬರ್ತ್ ಆಫ್ ಎ ನೇಷನ್' ಸಿನಿಮಾದಲ್ಲಿ ಶಾಸನಸಭೆಯೊಳಗೆ ಕಪ್ಪು ಸದಸ್ಯ ಕರಿದ ಕೋಳಿ ಕಚ್ಚುತ್ತಾ ಕೂತಿರೋ ಹಾಗೆ ತೋರಿಸಿದರು. 1925ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಶುರುವಾದ ಒಂದು ಕೋಳಿ ಹೋಟೆಲ್‌ಗೆ ಕಪ್ಪು ಜನರ ಮೇಲಿನ ಬೈಗುಳವೇ ಹೆಸರು, ಕಪ್ಪು ಮನುಷ್ಯನ ಅಣಕದ ಬಾಯಿಯೇ ಬಾಗಿಲು. 1952ರಲ್ಲಿ ಅದೇ ಊರಲ್ಲಿ ಕರ್ನಲ್ ಸ್ಯಾಂಡರ್ಸ್‌ನ ಕೋಳಿಯ ಮೊದಲ ಫ್ರಾಂಚೈಸಿ ಶುರುವಾಯ್ತು. ಸ್ಯಾಂಡರ್ಸ್ ಕೆಂಟಕಿಯ ಕಾರ್ಬಿನ್‌ನಲ್ಲಿ ಪ್ರೆಷರ್ ಕುಕ್ಕರಿನಲ್ಲಿ ಬೇಗ ಕರಿಯೋ ವಿಧಾನ ಮಾಡಿದ್ದ, ಅದು ಅವನ ಕೆಲಸ, ಒಪ್ಪೋಣ. 1964ರಲ್ಲಿ ಕಂಪನಿಯನ್ನ 20 ಲಕ್ಷ ಡಾಲರ್‌ಗೆ ಮಾರಿದ. ತಿಂದವರು ಬೈಸ್ಕೊಂಡರು, ಬೋರ್ಡಿನ ಮೇಲೆ ಬಿಳಿ ಗಡ್ಡದ ಮುಖ ಬಂತು. 'ಬಾಡು ತಿನ್ನೋರು' ಅಂತ ನಮ್ಮನ್ನ ಹಂಗಿಸಿದ ಸಮಾಜವೇ ಇವತ್ತು ಮಿಲಿಟರಿ ಹೋಟೆಲ್ ಮುಂದೆ ಕ್ಯೂ ನಿಂತಿರೋದು ನೆನಪಾಗಲ್ವಾ?

ಈ ಕೋಳಿ ಕರ್ನಾಟಕಕ್ಕೆ ಬಂದಿದ್ದು 1995ರ ಜೂನ್‌ನಲ್ಲಿ. ಭಾರತದ ಮೊದಲ ಕೆಎಫ್‌ಸಿ ಅಂಗಡಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೀತು. ಸೆಪ್ಟೆಂಬರ್‌ನಲ್ಲಿ ಮಹಾನಗರ ಪಾಲಿಕೆ ಲೈಸೆನ್ಸ್ ರದ್ದು ಮಾಡ್ತು. ಅಜಿನೊಮೊಟೊ ಶೇಕಡ 1ರ ಮಿತಿ ದಾಟಿ ಶೇಕಡ 2.8 ಇದೆ ಅನ್ನೋದು ಕಾರಣ. ಹೈಕೋರ್ಟಿಗೆ ಹೋಗಿ ಅಂಗಡಿ ಮತ್ತೆ ಬಾಗಿಲು ತೆರೀತು. 1996ರ ಜನವರಿ 30ರಂದು ರೈತಸಂಘದ ಕಾರ್ಯಕರ್ತರು ಅದರ ಮೇಲೆ ದಾಳಿ ಮಾಡಿದರು. ಅದಕ್ಕೂ ಮೊದಲೇ, 1992ರ ಕೊನೆಯಲ್ಲಿ, ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದ್ದವರು ಅವರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಎತ್ತಿದ ಪ್ರಶ್ನೆಗಳನ್ನ ನಾನು ಇವತ್ತಿಗೂ ಗೌರವಿಸ್ತೀನಿ. ಬೀಜ ಯಾರದ್ದು, ಕಾಳು ಜನಕ್ಕಾ ಕೋಳಿಗಾ, ಸಣ್ಣ ಸಾಕಾಣಿಕೆದಾರನ ಗತಿ ಏನು ಅನ್ನೋವು ಇವತ್ತಿಗೂ ಸರಿಯಾದ ಪ್ರಶ್ನೆಗಳು.

ಆದರೆ ಅದೇ ಹೊತ್ತಿಗೆ 'ನಮ್ಮ ಆಹಾರ ಸಂಸ್ಕೃತಿ' ಅಂತ ಕೂಗು ಹಾಕ್ಕೊಂಡು ಸ್ವದೇಶಿಯವರೂ ಬಂದರು. ಅವರಿಗೆ ನಾವು ಕೇಳಬೇಕಾದ ಪ್ರಶ್ನೆ ಒಂದಿತ್ತು: ನಮ್ಮ ಅಂದ್ರೆ ಯಾರದ್ದು? ಆ ಸಂಸ್ಕೃತಿಯ ಪಟ್ಟಿಯಲ್ಲಿ ನಮ್ಮ ಒಣಬಾಡು ಇತ್ತಾ? ರಕ್ತದ ಪಲ್ಯ ಇತ್ತಾ? 2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿದಾಗ 'ಬಾಡೇ ನಮ್ ಗಾಡು' ಅಂತ ಕೂಗಬೇಕಾಗಿ ಬಂತು. ಅಂದ್ರೆ ಈ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಇನ್ನೊಂದು ವಿಷಯ. ಕರಿದ ಕೋಳಿ ನಮಗೆ ಬ್ರಿಗೇಡ್ ರಸ್ತೆಯಿಂದಲೇ ಬರಬೇಕಿರಲಿಲ್ಲ. ನಮ್ಮ ಊರುಗಳ ತಳ್ಳುಗಾಡಿಯ ಚಿಕನ್ ಕಬಾಬ್ ಇದೆಯಲ್ಲ, ಅದಕ್ಕೂ ಕೋಟಿಂಗ್ ಇದೆ. ಶುಂಠಿ ಬೆಳ್ಳುಳ್ಳಿ, ಖಾರದಪುಡಿ, ಮೊಟ್ಟೆ, ಕಾರ್ನ್‌ಫ್ಲೋರ್, ಅಕ್ಕಿಹಿಟ್ಟು ಕಲಸಿ ಕೋಳಿಗೆ ಹಿಡಿಸಿ ಕರಿಯೋದು. ಕಬಾಬ್ ಅನ್ನೋ ಹೆಸರು ಸುಟ್ಟ ಮಾಂಸದ್ದು, ನಮ್ಮಲ್ಲಿ ಅದು ಕರಿದ ಕೋಳಿಗೆ ನಿಂತುಬಿಟ್ಟಿದೆ. ಇದು ನಮ್ಮದೇ ತಾಲ್ಲೂಕು ಕೇಂದ್ರಗಳ ಆವಿಷ್ಕಾರ, ಇದಕ್ಕೆ ಯಾವ ಕರ್ನಲ್ಲೂ ಇಲ್ಲ. ಒಂದೇ ತೊಂದರೆ ಬಣ್ಣದ್ದು. 2024ರ ಜೂನ್‌ನಲ್ಲಿ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸ್ತು. ಪರೀಕ್ಷೆ ಮಾಡಿದ 39 ಮಾದರಿಗಳಲ್ಲಿ 8ರಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೊಯಿಸಿನ್ ಥರದ ಬಣ್ಣ ಸಿಕ್ಕಿತ್ತು. ಬ್ಯಾಡಗಿ ಮೆಣಸಿನಕಾಯಿ ಇರೋ ನಾಡಲ್ಲಿ ಕೆಂಪಿಗೆ ಕೆಮಿಕಲ್ ಯಾಕೆ ಬೇಕು?

ಹಾಗಾದರೆ ನಮ್ಮ ಕೇರಿಯ ಬಾಂಡ್ಲಿಗೆ ಎಣ್ಣೆ ಯಾವಾಗ ಬಂತು? ಎರಡು ದಾರಿಯಲ್ಲಿ ಅನುಕೂಲ ಆಯ್ತು. ಒಂದು, ಫಾರಂ ಕೋಳಿ. ಓಡಾಡಿ ಬಲಿತ ನಾಟಿಕೋಳಿ ಗಟ್ಟಿ, ಅದು ಸಾರಲ್ಲೇ ಬೇಯಬೇಕು. ಹತ್ತು ಹದಿನೈದು ನಿಮಿಷದಲ್ಲಿ ಎಣ್ಣೆಯಲ್ಲಿ ಬೇಯೋದು ಎಳೆ ಕೋಳಿ ಮಾತ್ರ. ಅಮೆರಿಕದಲ್ಲೂ ಫಾರಂ ಬರೋ ಮುಂಚೆ ಇದು ಎಳೆ ಕೋಳಿ ಸಿಗೋ ಕಾಲದ ಅಡುಗೆಯೇ ಆಗಿತ್ತು. ಎರಡು, ಅಗ್ಗದ ತಾಳೆ ಎಣ್ಣೆ. 2015ರಲ್ಲಿ ಅನ್ನಭಾಗ್ಯದ ಜೊತೆಗೆ ರೇಷನ್ ಅಂಗಡೀಲೂ ಕಡಿಮೆ ಬೆಲೆಗೆ ಕೊಟ್ಟರು. ಬಾಂಡ್ಲಿ ತುಂಬ ಎಣ್ಣೆ ಸುರಿಯೋದು ನಮ್ಮ ಹೆಣ್ಣುಮಕ್ಕಳಿಗೆ ಹಬ್ಬದ ಮಾತಲ್ಲ, ಭಾನುವಾರದ ಮಾತಾಯ್ತು. ಆ ಎಣ್ಣೆ ಆರೋಗ್ಯಕ್ಕೆ ಎಷ್ಟು ಒಳ್ಳೇದು ಅನ್ನೋ ಚರ್ಚೆ ಮಾಡೋಣ. ಆದರೆ ತಲೆಮಾರುಗಟ್ಟಲೆ ತುಪ್ಪ ಉಂಡವರು ಬಂದು ನಮಗೆ ಮಿತದ ಪಾಠ ಹೇಳೋದು ಬೇಡ.

ಈಗ ನಮ್ಮನೆ ಪ್ರಯೋಗದ ಲೆಕ್ಕ ಹೇಳ್ತೀನಿ. ನಮ್ಮಕ್ಕನ ಮಗಳು ಡಿಗ್ರಿ ಓದ್ತಾಳೆ, ಅವಳೇ ಮುಖ್ಯ ಬಾಣಸಿಗಳು. ನಾನು ಗಡಿಯಾರ ಹಿಡಿದವನು.

ಒಂದು ಕೆ.ಜಿ. ಕೋಳಿಗೆ 15 ಗ್ರಾಂ ಉಪ್ಪು, ಒಂದೂವರೆ ಲೋಟ ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು. ರಾತ್ರಿ ಫ್ರಿಜ್ಜಲ್ಲಿ ಇಟ್ಟರೆ ಉಪ್ಪು ಒಳಗೆ ಇಳಿಯುತ್ತೆ, ಮಾಂಸ ರಸ ಬಿಡಲ್ಲ.

ಹಿಟ್ಟಿನ ವಿಷಯ. ಬರೀ ಮೈದಾ ಹಾಕಿದ್ರೆ ಬಾಂಡ್ಲಿಯಿಂದ ತೆಗೆದಾಗ ಗರಿ, ಹತ್ತು ನಿಮಿಷಕ್ಕೆ ಮೆತ್ತಗೆ. ಬರೀ ಅಕ್ಕಿಹಿಟ್ಟು ಹಾಕಿದ್ರೆ ಗಟ್ಟಿ, ಮರಳು ಮರಳು, ಕೋಳಿಗೆ ಹಿಡಿಯಲ್ಲ. ಎರಡು ಪಾಲು ಮೈದಾ, ಒಂದು ಪಾಲು ಅಕ್ಕಿಹಿಟ್ಟು, ಅರ್ಧ ಪಾಲು ಕಾರ್ನ್‌ಫ್ಲೋರ್ ಸರಿಹೋಯ್ತು. ಮೈದಾದ ಅಂಟು ಹಿಡಿದುಕೊಳ್ಳುತ್ತೆ, ಅಕ್ಕಿಹಿಟ್ಟು ಗರಿ ಉಳಿಸುತ್ತೆ. ಅಕ್ಕಿಹಿಟ್ಟಿನ ಬದಲು ರಾಗಿಹಿಟ್ಟೂ ಹಾಕಿ ನೋಡಿದೆವು. ಪರಿಮಳ ಚೆನ್ನಾಗಿದೆ, ಆದರೆ ಬಣ್ಣ ಮೊದಲೇ ಕಪ್ಪು, ಬೆಂದಿದ್ದು ಗೊತ್ತಾಗಲ್ಲ, ಕಾವು ಜಾಸ್ತಿ ಆದ್ರೆ ಕಹಿ. ಒಟ್ಟು ಹಿಟ್ಟಲ್ಲಿ ಕಾಲು ಪಾಲಿಗಿಂತ ಹೆಚ್ಚು ಬೇಡ.

ಒಣಹಿಟ್ಟಿಗೆ ಎರಡು ಮೂರು ಚಮಚ ಮಜ್ಜಿಗೆ ಚಿಮುಕಿಸಿ ಬೆರಳಲ್ಲಿ ಉಜ್ಜಿ. ಹಿಟ್ಟು ಸಣ್ಣ ಸಣ್ಣ ಉಂಡೆಯಾಗುತ್ತೆ. ಆ ಉಂಡೆಗಳೇ ಕರಿದಾಗ ಉಬ್ಬುತಗ್ಗಿನ ಪದರ ಆಗೋದು. ಹಿಟ್ಟು ಹಚ್ಚಿ ಕಾಲು ಗಂಟೆ ಬಿಡಿ, ಹಿಟ್ಟು ನೆನೆದು ಕೋಳಿಗೆ ಕಚ್ಕೊಳ್ಳುತ್ತೆ. ಇಲ್ಲದಿದ್ರೆ ಅರ್ಧ ಎಣ್ಣೆಯಲ್ಲೇ ಉದುರುತ್ತೆ.

ಎಣ್ಣೆ 170 ಡಿಗ್ರಿ ಕಾದಿರಬೇಕು. ಥರ್ಮಾಮೀಟರ್ ಇಲ್ಲದಿದ್ರೆ ಒಂದು ಚೂರು ಹಿಟ್ಟು ಹಾಕಿ. ಮುಳುಗಿ ತಕ್ಷಣ ಮೇಲೆ ಬರಬೇಕು. ಕಾಲಿನ ತುಂಡಿಗೆ 12ರಿಂದ 14 ನಿಮಿಷ. ಮೂಳೆ ಹತ್ತಿರ ಚುಚ್ಚಿದಾಗ ಕೆಂಪು ನೀರು ಬರಬಾರದು. ತೆಗೆದು ಪೇಪರ್ ಮೇಲೆ ಹಾಕಬೇಡಿ, ಕೆಳಗೆ ಹಬೆ ಕಟ್ಟಿ ಮೆತ್ತಗಾಗುತ್ತೆ. ಬಿದಿರಿನ ಪುಟ್ಟಿಯಲ್ಲಿ ಹರಡಿ. ನಮ್ಮ ಜನ ಹೆಣೆದ ಪುಟ್ಟಿ ಅಮೆರಿಕದ ಕಂಬಿ ಜಾಲರಿಗಿಂತ ಏನೂ ಕಡಿಮೆ ಇಲ್ಲ.

ಕೊಬ್ಬರಿ ಕತೆ ಕೊನೆಗೆ. ಕೊಬ್ಬರಿ ತುರಿಯನ್ನ ಹಿಟ್ಟಿಗೆ ಬೆರೆಸಿದ್ರೆ ಕೋಳಿ ಬೇಯೋ ಮುಂಚೆ ತುರಿ ಸೀದು ಹೋಗುತ್ತೆ. ಅದಕ್ಕೆ ಅವಳು ಬೇರೆ ದಾರಿ ಕಂಡುಕೊಂಡಳು. ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹುರಿದು ತರಿತರಿ ಕುಟ್ಟಿ, ಕರಿದ ಕೋಳಿ ಬಿಸಿಯಿರುವಾಗಲೇ ಮೇಲೆ ಉದುರಿಸೋದು. ಗೆಳೆಯರೇ, ಹನ್ನೊಂದು ಮಸಾಲೆಯ ಗುಟ್ಟು ಅವರ ತಿಜೋರಿಯಲ್ಲೇ ಇರಲಿ ಬಿಡಿ. ಈ ಚಟ್ನಿಪುಡಿಯ ಗುಟ್ಟು ನಾನು ಇಲ್ಲೇ ಬರೆದಿದ್ದೀನಿ, ಎಲ್ಲರೂ ತಗೊಳ್ಳಿ.

ಕೊನೆಯದಾಗಿ ಒಂದು ಗಂಭೀರ ಮಾತು. ಮನೇಲಿ ಕರಿದು ತಿನ್ನೋದು ಸುಲಭ ಆಯ್ತು. ಮಾರೋದು? ನಮ್ಮ ಹುಡುಗರು ತಾಲ್ಲೂಕು ಕೇಂದ್ರಗಳಲ್ಲಿ ಗಾಡಿ ಹಾಕ್ತಿದ್ದಾರೆ. ಬೋರ್ಡ್ ನೋಡಿ, ಇಂಗ್ಲಿಷ್ ಹೆಸರು ಇರುತ್ತೆ, ಇಲ್ಲಾ ದೇವರ ಹೆಸರು. 'ಭೀಮ್' ಅಂತ ಬರೆಸಿದ್ರೆ ಗಿರಾಕಿ ಬರಲ್ಲ ಅನ್ನೋ ಅಳುಕು ಅವರಿಗಿದೆ. ಆ ಅಳುಕು ಸುಳ್ಳಲ್ಲ. 2025ರ ಜೂನ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯಲ್ಲಿ ದಲಿತ ಹೆಂಗಸು ಮುಖ್ಯ ಅಡುಗೆಯವರಾದ ಮೇಲೆ ಪೋಷಕರು ಮಕ್ಕಳನ್ನ ಬಿಡಿಸ್ಕೊಂಡು ಹೋದರು ಅಂತ ವರದಿಯಾಯ್ತು. ಮಕ್ಕಳ ಬಿಸಿಯೂಟಕ್ಕೇ ಹೀಗಿರೋವಾಗ ಗಾಡಿಯ ಹುಡುಗ ಹೆಸರು ಬಚ್ಚಿಡೋದರಲ್ಲಿ ಅವನ ತಪ್ಪೇನಿದೆ?

ಗಾರ್ಡನ್ಸ್‌ವಿಲ್‌ನ ಹೆಂಗಸರು ಮುಖ ಮುಚ್ಚಿಕೊಳ್ಳಲಿಲ್ಲ. ವರ್ಜೀನಿಯಾದ ಅದೇ ಸೀಮೆಯಲ್ಲಿ, ಬಿಡುಗಡೆಯಾದ ಗುಲಾಮರು ಕಟ್ಟಿದ ಫ್ರೀಟೌನ್ ಅನ್ನೋ ಹಳ್ಳಿಯಲ್ಲಿ ಹುಟ್ಟಿದ ಎಡ್ನಾ ಲೂಯಿಸ್ 1976ರಲ್ಲಿ ತನ್ನ ಜನರ ಅಡುಗೆಯನ್ನ ತನ್ನ ಹೆಸರಲ್ಲೇ ಪುಸ್ತಕ ಮಾಡಿದಳು. ನಮಗೂ ಅಂಥ ಪುಸ್ತಕ ಬೇಕು, ಅಂಥ ಬೋರ್ಡೂ ಬೇಕು. ಸಂಘಟನೆಯವರಿಗೆ ನನ್ನ ಮನವಿ ಇಷ್ಟೇ: ಏಪ್ರಿಲ್ 14ರ ಕಾರ್ಯಕ್ರಮಕ್ಕೆ ಹೊರಗಿನ ಕೇಟರಿಂಗ್‌ನವರಿಗೆ ಪಲಾವ್ ಆರ್ಡರ್ ಕೊಡೋ ಬದಲು ನಮ್ಮ ಹುಡುಗರ ಗಾಡಿ ಕರೆಸಿ. ಅವರ ಹೆಸರು, ಅವರ ಕೇರಿಯ ಹೆಸರು ದೊಡ್ಡದಾಗಿ ಬರೆಸಿ. ಊರಿನ ಎಲ್ಲರನ್ನೂ ಕರೀರಿ. ಬಂದು ತಿಂದವರು ತಿನ್ನಲಿ, ಬರದವರು ಯಾಕೆ ಬರಲಿಲ್ಲ ಅಂತ ಅವರೇ ಹೇಳಲಿ.

ನಿಮ್ಮ ಮನೆಯ ಹಿಟ್ಟಿನ ಲೆಕ್ಕ, ಮಸಾಲೆ ಲೆಕ್ಕ ಕೆಳಗೆ ಬರೀರಿ. ಅದರ ಜೊತೆಗೆ ನಿಮ್ಮವ್ವ, ನಿಮ್ಮಜ್ಜಿ ಎಣ್ಣೆ ಹೇಗೆ ಬಳಸ್ತಿದ್ದರು ಅಂತಾನೂ ಕೇಳಿ ಬರೀರಿ. ಅದು ನಮ್ಮ ಚರಿತ್ರೆ, ನಾವೇ ಬರೀಬೇಕು.

ಜೈ ಭೀಮ್.